ಒರೆಸಿದ ಮೇಲೆ ಉಳಿದ ಬಣ್ಣ

ಅಕ್ಕ ಮೇಜಿನ ಸುತ್ತ ಒಂದು ಸುತ್ತು ಬಂದಳು. ಕಿಟಕಿಯ ಕಡೆಯಿಂದ ಬಗ್ಗಿ ನೋಡಿದಳು. ಕೈಯಿಂದ ಒಮ್ಮೆ ಸವರಿದಳು. ಆಮೇಲೆ ಕೇಳಿದಳು: "ಏನೋ ಇದು, ಬೆಕ್ಕು ಪರಚಿದ ಹಾಗಿದೆಯಲ್ಲೋ?"

ಪರಚಿದ್ದು ಬೆಕ್ಕಲ್ಲ, ನಾನೇ. ಅವಳಿಗೆಂದು ಓಕ್ ಮರದಲ್ಲಿ ಒಂದು ಮೇಜು ಮಾಡಿದ್ದೆ. ಹಲಗೆ ಜೋಡಿಸಿ, ಕಾಲು ಕೂರಿಸಿ, ಉಜ್ಜಿ ನುಣ್ಣಗೆ ಮಾಡುವಷ್ಟರಲ್ಲಿ ಎಷ್ಟೋ ಭಾನುವಾರಗಳು ಕಳೆದಿದ್ದವು. ಕೊನೆಗೆ ಉಳಿದದ್ದು ಎಣ್ಣೆ ಹಚ್ಚುವ ಕೆಲಸ. ಅವಳು ಕೇಳಿದ್ದು ಕಡು ಕಂದು, ಹೊಗೆ ಹಿಡಿದ ಹಳೇ ತೊಲೆಯಂಥ ಬಣ್ಣ. ಹಾಗಾಗಿ ಸಾದಾ ಎಣ್ಣೆ ಬಿಟ್ಟು ಬಣ್ಣ ಬೆರೆಸಿದ ಎಣ್ಣೆ ತಂದೆ. ಹಚ್ಚುವ ಮುಂಚೆ ಮರ ಚೆನ್ನಾಗಿಯೇ ಕಾಣುತ್ತಿತ್ತು. ಎಣ್ಣೆ ಬಿದ್ದ ಐದು ನಿಮಿಷಕ್ಕೆ ಹಲಗೆಯ ಉದ್ದಗಲಕ್ಕೂ ಉಗುರಿನಂಥ ಕಪ್ಪು ಗೀರುಗಳು ಎದ್ದು ಬಂದವು. ಸುರುಳಿ ಸುರುಳಿಯಾಗಿ, ನೂರಾರು. ಉಜ್ಜುವ ಮೆಷಿನ್ ಓಡಿದ ದಾರಿಯನ್ನೆಲ್ಲ ಯಾರೋ ಮಸಿಯಲ್ಲಿ ಬರೆದಿಟ್ಟ ಹಾಗಿತ್ತು.

"ಒಣಗಿದ ಮೇಲೆ ಸರಿಹೋಗುತ್ತೆ ಅಕ್ಕಾ" ಅಂದೆ. ಸುಳ್ಳು ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆ ಮೇಜನ್ನು ಪೂರ್ತಿ ಕೆರೆದು ಮತ್ತೆ ಮೊದಲಿನಿಂದ ಮಾಡಿದೆ. ಎರಡನೇ ಸಲ ಮಾಡುವಾಗ ತಲೆಗೆ ಹೋದದ್ದು ಇಷ್ಟು: ಎಣ್ಣೆ ಹಚ್ಚಲು ಹಿಡಿಯುವುದು ಹತ್ತೇ ನಿಮಿಷ. ಬಣ್ಣ ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಜಾರಿಹೋಗುತ್ತದೆ ಅನ್ನುವುದು ಅದಕ್ಕೂ ಮುಂಚಿನ ವಾರದಲ್ಲೇ ತೀರ್ಮಾನವಾಗಿರುತ್ತದೆ. ಉಳಿದದ್ದನ್ನು ಒರೆಸುವ ಬಟ್ಟೆ ತೀರ್ಮಾನಿಸುತ್ತದೆ.

ಮೊದಲು ಮರದ ಮಾತು. ವಸಂತದಲ್ಲಿ ಎಲೆ ಚಿಗುರುವಾಗ ಓಕ್ ಮರಕ್ಕೆ ನೀರು ಜಾಸ್ತಿ ಬೇಕು. ಆಗ ಅದು ದೊಡ್ಡ ದೊಡ್ಡ ಕೊಳವೆಗಳನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಬೆಳೆದ ಭಾಗದಲ್ಲಿ ಕೊಳವೆ ಸಣ್ಣ, ಮರ ಗಟ್ಟಿ. ವರ್ಷಕ್ಕೊಂದು ಉಂಗುರ, ಪ್ರತಿ ಉಂಗುರದ ಒಳಗಂಚಿನಲ್ಲಿ ತೂತುಗಳ ಒಂದು ಸಾಲು. ಹಲಗೆ ಕೊಯ್ದಾಗ ಆ ಕೊಳವೆಗಳು ಸೀಳಿ, ಮೇಲೆ ಸಣ್ಣ ಸಣ್ಣ ಗೀಟುಗಳಾಗಿ ಕಾಣುತ್ತವೆ. ಅವುಗಳ ಅಗಲ ಸುಮಾರು 0.2ರಿಂದ 0.3 ಮಿಲಿಮೀಟರ್. ಬರಿಗಣ್ಣಿಗೆ ಕಾಣುತ್ತವೆ, ಉಗುರಿಗೆ ಸಿಗುತ್ತವೆ. ಕೆಂಪು ಓಕ್ ಆದರೆ ಒಂದು ಚಿಕ್ಕ ತುಂಡಿನ ತುದಿಗೆ ಬಾಯಿಟ್ಟು ಊದಿದರೆ ಆ ಕಡೆಯಿಂದ ಗಾಳಿ ಬರುತ್ತದೆ. ನೀರಿನ ಬಟ್ಟಲಲ್ಲಿ ಅದ್ದಿ ಊದಿದರೆ ಗುಳ್ಳೆ ಏಳುತ್ತವೆ. ಬಿಳಿ ಓಕ್‌ನಲ್ಲಿ ಹಾಗಾಗುವುದಿಲ್ಲ. ಅದರ ಚೇಗಿನ, ಅಂದರೆ ಒಳಗಿನ ಗಟ್ಟಿ ಮರದ, ಕೊಳವೆಗಳನ್ನು ಮರವೇ ಒಳಗಿನಿಂದ ಪೊರೆ ಬೆಳೆಸಿ ಮುಚ್ಚಿಬಿಟ್ಟಿರುತ್ತದೆ. ಪೀಪಾಯಿ ಮಾಡುವವರು ಬಿಳಿ ಓಕನ್ನೇ ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಕೆಂಪು ಓಕ್‌ನ ಪೀಪಾಯಿ ಸೋರುತ್ತದೆ.

ಇನ್ನೊಂದು ವಿಶೇಷ ಇದೆ. ಮರದ ತಿರುಳಿನಿಂದ ಹೊರಕ್ಕೆ, ಬಂಡಿ ಚಕ್ರದ ಅರೆಕಾಲುಗಳ ಹಾಗೆ, ಅಗಲವಾದ ಪಟ್ಟಿಗಳು ಹೊರಡುತ್ತವೆ. ಹಲಗೆಯನ್ನು ಸರಿಯಾಗಿ ಆ ಪಟ್ಟಿಗಳ ದಿಕ್ಕಿನಲ್ಲೇ ಕೊಯ್ದರೆ ಅವು ಮೇಲೆ ಹೊಳೆಯುವ ರೇಕುಗಳಾಗಿ ಕಾಣುತ್ತವೆ. ಇವು ಗಟ್ಟಿ. ಬಣ್ಣವನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಕಡು ಬಣ್ಣದ ಎಣ್ಣೆ ಹಚ್ಚಿದರೆ ಸುತ್ತಲಿನ ಮರ ಕಪ್ಪಾಗಿ, ಈ ರೇಕುಗಳು ಮಾತ್ರ ತೆಳು ಬಣ್ಣದಲ್ಲೇ ಉಳಿದುಬಿಡುತ್ತವೆ. ಕೆಲವರಿಗೆ ಇದು ಮಚ್ಚೆ ಅನ್ನಿಸುತ್ತದೆ. ನನ್ನ ಕೇಳಿದರೆ, ಓಕ್ ಕೊಳ್ಳುವುದೇ ಇದಕ್ಕೆ. ಇದು ಬೇಡ ಅನ್ನುವವರು ಬೇರೆ ಮರ ನೋಡಿಕೊಳ್ಳಬಹುದು.

ಎಣ್ಣೆಯಲ್ಲಿರುವ ಬಣ್ಣ ಏನು? ಅದು ಪುಡಿ. ನೀರಿಗೆ ಸಕ್ಕರೆ ಹಾಕಿದಂತೆ ಕರಗಿಹೋಗುವ ಬಣ್ಣವೂ ಒಂದಿದೆ, ಅದು ಮರದ ನಾರಿನ ಒಳಕ್ಕೇ ಇಳಿಯುತ್ತದೆ. ಇದು ಹಾಗಲ್ಲ. ಇದು ನೀರಿನಲ್ಲಿ ಕದಡಿದ ಮಣ್ಣಿನ ಹಾಗೆ. ಎಷ್ಟೋ ಸಲ ಅದು ನಿಜವಾಗಿಯೂ ಮಣ್ಣೇ. ಹಳದಿ ಕಾವಿ, ಕೆಂಪು ಕಾವಿ ಎಲ್ಲ ಕಬ್ಬಿಣದ ಆಕ್ಸೈಡ್‌ಗಳು. ಹಳದಿ ಕಾವಿಯನ್ನು ಸುಟ್ಟರೆ ಅದರೊಳಗಿನ ನೀರಿನ ಅಂಶ ಹೋಗಿ ಕೆಂಪಾಗುತ್ತದೆ. ಕಬ್ಬಿಣದ ಜೊತೆ ಮ್ಯಾಂಗನೀಸ್ ಸೇರಿದ್ದರೆ ಕಡು ಕಂದು ಬರುತ್ತದೆ, ಅದನ್ನು ಅಂಬರ್ ಅನ್ನುತ್ತಾರೆ. ಕಪ್ಪಿಗೆ ದೀಪದ ಮಸಿ, ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಈ ಪುಡಿಗಳ ಒಂದೊಂದು ಕಣ ಹೆಚ್ಚುಕಮ್ಮಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಓಕ್‌ನ ಒಂದು ತೂತಿನ ಮುಂದೆ ಅದು ಬಾವಿಯ ಮುಂದಿನ ಸಾಸಿವೆ. ಸಾಸಿವೆ ಬಾವಿಗೆ ಬೀಳುತ್ತದೆ. ನುಣ್ಣನೆ ನೆಲದ ಮೇಲೆ ಬಿದ್ದದ್ದನ್ನು ಬಟ್ಟೆ ಒರೆಸಿಕೊಂಡು ಹೋಗುತ್ತದೆ. ಎಣ್ಣೆ ಮರದೊಳಕ್ಕೆ ಇಂಗಬಹುದು, ಪುಡಿ ಅಷ್ಟಾಗಿ ಇಂಗುವುದಿಲ್ಲ. ಎಲ್ಲಿ ಗುಂಡಿ ಸಿಗುತ್ತದೋ ಅಲ್ಲಿ ಕೂರುತ್ತದೆ.

ಆ ಗುಂಡಿಯನ್ನು ಮರ ಮಾಡಿತೋ, ನೀವು ಮಾಡಿದಿರೋ ಅಂತ ಪುಡಿ ಕೇಳುವುದಿಲ್ಲ. ಅಕ್ಕ ಕಂಡ ಬೆಕ್ಕಿನ ಗೀರು ಅದೇ.

ಪುಡಿ ಆಗಿರುವುದರಿಂದ ಇನ್ನೊಂದು ತೊಂದರೆ. ಅದು ಡಬ್ಬಿಯ ತಳಕ್ಕೆ ಇಳಿಯುತ್ತದೆ. ಮೊದಲ ಸಲ ನಾನು ಡಬ್ಬಿಯನ್ನು ಮುಚ್ಚಳದ ಸಮೇತ ನಾಲ್ಕು ಸಲ ಅಲ್ಲಾಡಿಸಿ ಸುಮ್ನೆ ತೆರೆದೆ. ಮೇಜಿನ ಮೇಲ್ಭಾಗಕ್ಕೆ ಹಚ್ಚಿದ್ದು ಜೇನಿನ ಬಣ್ಣ, ಕೊನೆಯ ಕಾಲಿಗೆ ಹಚ್ಚುವ ಹೊತ್ತಿಗೆ ಅದು ಇದ್ದಿಲಾಗಿತ್ತು. ಒಂದೇ ಡಬ್ಬಿ, ಒಂದೇ ದಿನ, ನಾಲ್ಕು ಕಾಲಿಗೆ ನಾಲ್ಕು ಬಣ್ಣ. ಈಗ ಚಪ್ಪಟೆ ಕಡ್ಡಿಯಿಂದ ತಳ ಕೆರೆದು ಕೆರೆದು ಕಲಸುತ್ತೇನೆ. ಕಡ್ಡಿಯ ತುದಿಗೆ ಮುದ್ದೆ ಸಿಗುವುದು ನಿಂತ ಮೇಲೂ ಒಂದೆರಡು ನಿಮಿಷ. ಹಚ್ಚುವ ಮಧ್ಯೆಯೂ ಆಗಾಗ. ಎರಡು ಡಬ್ಬಿ ಬೇಕಾಗುವ ಕೆಲಸವಾದರೆ ಮೊದಲೇ ಎರಡನ್ನೂ ಒಂದು ದೊಡ್ಡ ಪಾತ್ರೆಗೆ ಸುರಿದು ಬೆರೆಸಿಬಿಡುವುದು ಒಳ್ಳೆಯದು.

ಓಕ್, ಎಣ್ಣೆ, ಬಣ್ಣದ ಪುಡಿ. ಈ ಮೂರೂ ಸೇರುವ ಇನ್ನೊಂದು ಕೆಲಸ ನೆನಪಾಗುತ್ತದೆ. 15ನೇ ಶತಮಾನದಲ್ಲಿ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಚಿತ್ರಕಾರರು ಅಗಸೆ ಎಣ್ಣೆಯಲ್ಲಿ ಬಣ್ಣದ ಪುಡಿ ಅರೆದು ಓಕ್ ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಯಾನ್ ವಾನ್ ಐಕ್ 1434ರಲ್ಲಿ ಬರೆದ ದಂಪತಿಯ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದೂ ಓಕ್ ಮೇಲಿನದೇ. ಆದರೆ ಅವರು ಬಣ್ಣ ಹಚ್ಚುವ ಮೊದಲು ಹಲಗೆಗೆ ಅಂಟು ಮತ್ತು ಸೀಮೆಸುಣ್ಣದ ಲೇಪ ಬಳಿದು, ತೂತೆಲ್ಲ ಮುಚ್ಚಿ, ಗಾಜಿನ ಹಾಗೆ ನಯ ಮಾಡಿಕೊಳ್ಳುತ್ತಿದ್ದರು. ಮರ ಕಾಣಬಾರದು, ಅದು ಎಣ್ಣೆ ಕುಡಿಯಬಾರದು. ನಮ್ಮ ಕೆಲಸದಲ್ಲಿ ಅದೇ ಮೂರು ಸಾಮಾನು, ಆದರೆ ಮರ ಕಾಣಬೇಕು, ಎಣ್ಣೆ ಕುಡಿಯಬೇಕು.

ಇನ್ನು ಉಜ್ಜುವ ವಿಷಯ. ನಾನು ಜಾಸ್ತಿ ಪಾಠ ಕಲಿತದ್ದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಉಜ್ಜುವ ಕಾಗದದ ಹಿಂದೆ ನಂಬರ್ ಇರುತ್ತದಲ್ಲ, 80, 120, 180 ಅಂತ. ನಂಬರ್ ಹೆಚ್ಚಾದಷ್ಟೂ ಕಾಳು ಸಣ್ಣ. 80ರ ಕಾಳು ಸುಮಾರು 0.2 ಮಿಲಿಮೀಟರ್, 120ರದ್ದು 0.125ರ ಹತ್ತಿರ. ಅಂದರೆ 80ರ ಕಾಳು ಓಕ್‌ನ ತೂತಿನಷ್ಟೇ ದೊಡ್ಡದು. ಅದು ಎಳೆದ ಗೀರು ಮರದ ಸ್ವಂತ ಗೀಟಿನ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಅದು ಮರದ ಎಳೆಯ ದಿಕ್ಕಿನಲ್ಲಿದ್ದರೆ ಎಳೆಯೊಳಗೇ ಕಳೆದುಹೋಗುತ್ತದೆ. ಅಡ್ಡಕ್ಕೆ ಬಿದ್ದರೆ, ಅಥವಾ ಮೆಷಿನ್ನಿನ ಸುರುಳಿಯಾಗಿದ್ದರೆ, ಬಣ್ಣ ಬಿದ್ದ ಕೂಡಲೇ ಕೂಗಿ ಹೇಳುತ್ತದೆ.

ನಾನು ಮಾಡಿದ ತಪ್ಪು ಇದು: 80ರಿಂದ ನೇರ 180ಕ್ಕೆ ಹಾರಿದೆ. 180ರ ಕಾಗದ 80ರ ಗುಂಡಿಗಳ ದಡವನ್ನಷ್ಟೇ ನುಣುಪು ಮಾಡಿತು. ಗುಂಡಿ ಹಾಗೇ ಉಳಿಯಿತು. ಕೈಗೆ ನುಣ್ಣಗೆ ಸಿಕ್ಕಿತು, ಕಣ್ಣಿಗೂ ನುಣ್ಣಗೆ ಕಂಡಿತು. ಬಣ್ಣದ ಪುಡಿಗೆ ಮಾತ್ರ ಮೋಸ ಮಾಡಲು ಆಗಲಿಲ್ಲ. ಒಂದು ನಂಬರ್ ಬಿಟ್ಟರೆ ಏನು ಮಹಾ ಅನ್ನಿಸುತ್ತದೆ. ಬಣ್ಣವಿಲ್ಲದ ಎಣ್ಣೆಗೆ ಆದರೆ ಅದು ಬಹುಪಾಲು ಮುಚ್ಚಿಹೋಗುತ್ತಿತ್ತು.

ಎರಡನೇ ಸಲ ಪೆನ್ಸಿಲ್ ಹಿಡಿದೆ. ಪ್ರತಿ ನಂಬರ್ ಶುರು ಮಾಡುವ ಮೊದಲು ಇಡೀ ಹಲಗೆಯ ಮೇಲೆ ಹಗುರಾಗಿ ಬಲೆಯಂತೆ ಗೆರೆ ಎಳೆಯುವುದು, ಅಷ್ಟೂ ಗೆರೆ ಹೋಗುವವರೆಗೆ ಉಜ್ಜುವುದು. ಎಲ್ಲಿ ಕೈ ಕಡಿಮೆ ಆಡಿದೆ ಅಂತ ಗೆರೆಯೇ ತೋರಿಸುತ್ತದೆ. ನನ್ನ ಕೈ ಯಾವಾಗಲೂ ಮಧ್ಯದಲ್ಲಿ ಜಾಸ್ತಿ, ಅಂಚಿನಲ್ಲಿ ಕಡಿಮೆ ಆಡುತ್ತದೆ ಅನ್ನುವುದು ಆಗಲೇ ಗೊತ್ತಾದದ್ದು. ಕೊನೆಯ ನಂಬರನ್ನು ಮೆಷಿನ್ ಬಿಟ್ಟು, ಮರದ ತುಂಡಿಗೆ ಕಾಗದ ಸುತ್ತಿ, ಎಳೆಯ ದಿಕ್ಕಿಗೆ ಕೈಯಲ್ಲೇ ಉಜ್ಜಿದೆ. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಲಗೆಗೆ ಮಲಗಿಸಿದಂತೆ ಹಿಡಿದು ನೋಡುವುದು. ತಲೆಯ ಮೇಲಿನ ದೀಪದಲ್ಲಿ ಕಾಣದ ಗೀರು ಆ ಓರೆ ಬೆಳಕಿನಲ್ಲಿ ನೆರಳು ಬೀರುತ್ತದೆ. ಯಾರಾದರೂ ಆಗ ಒಳಗೆ ಬಂದಿದ್ದರೆ ಕಳ್ಳ ಅಂದುಕೊಳ್ಳುತ್ತಿದ್ದರೇನೋ.

ಎಲ್ಲಿಗೆ ನಿಲ್ಲಿಸಬೇಕು? ಇದರಲ್ಲಿ ಜನ ಉಲ್ಟಾ ಯೋಚಿಸುತ್ತಾರೆ, ನಾನೂ ಹಾಗೇ ಇದ್ದೆ. ನುಣುಪು ಹೆಚ್ಚಾದಷ್ಟೂ ಒಳ್ಳೆಯದು ಅಲ್ವಾ? ಬಣ್ಣದ ಎಣ್ಣೆಗೆ ಅದು ನಡೆಯುವುದಿಲ್ಲ. 320ರವರೆಗೆ ಉಜ್ಜಿದರೆ ತೂತುಗಳ ನಡುವಿನ ಜಾಗ ಕನ್ನಡಿಯಂತಾಗಿ ಬಣ್ಣ ನಿಲ್ಲಲು ಎಡೆಯೇ ಇರುವುದಿಲ್ಲ. ಒರೆಸಿದರೆ ಎಲ್ಲ ಬಟ್ಟೆಗೆ ಬರುತ್ತದೆ. ಓಕ್‌ಗೆ ನಾನು 120ಕ್ಕೆ ನಿಲ್ಲಿಸುತ್ತೇನೆ, ತೆಳು ಬಣ್ಣ ಬೇಕಿದ್ದರೆ 150. ಆದರೆ ಹಲಗೆಯ ತುದಿ, ಅಂದರೆ ಕೊಳವೆಗಳ ಬಾಯಿ ಕಾಣುವ ಭಾಗ, ಬೇರೆ ಲೆಕ್ಕ. ಅದು ಎಣ್ಣೆಯನ್ನೂ ಬಣ್ಣವನ್ನೂ ಗಟಗಟ ಕುಡಿದು ಕರ್ರಗಾಗುತ್ತದೆ. ಅಲ್ಲಿ 220ರವರೆಗೆ ಹೋದರೆ ಉಳಿದ ಹಲಗೆಗೆ ಹೊಂದುತ್ತದೆ. ಒಂದೇ ಬಣ್ಣ ಕಾಣಬೇಕಾದರೆ ಬೇರೆ ಬೇರೆ ನಂಬರ್ ಹಾಕಬೇಕು.

ದೂಳಿನ ಮಾತೂ ಹೇಳಿಬಿಡುತ್ತೇನೆ. ಓಕ್‌ನ ತೂತುಗಳು ಉಜ್ಜಿದ ಹಿಟ್ಟಿನಿಂದ ತುಂಬಿಕೊಂಡಿರುತ್ತವೆ. ಹಾಗೇ ಎಣ್ಣೆ ಹಚ್ಚಿದರೆ ಹಿಟ್ಟು, ಎಣ್ಣೆ, ಪುಡಿ ಸೇರಿ ಕೆಸರಾಗುತ್ತದೆ. ವ್ಯಾಕ್ಯೂಮ್ ಹಿಡಿಯಿರಿ, ಎಳೆಯ ದಿಕ್ಕಿಗೆ ಬ್ರಷ್ ಹಾಕಿ, ಮತ್ತೆ ವ್ಯಾಕ್ಯೂಮ್ ಹಿಡಿಯಿರಿ. ಬ್ರಷ್ ಹಿತ್ತಾಳೆ ತಂತಿಯದೋ ನೈಲಾನಿನದೋ ಆಗಿರಲಿ. ಕಬ್ಬಿಣದ್ದು ಮಾತ್ರ ಬೇಡ.

ಕಬ್ಬಿಣ ಯಾಕೆ ಬೇಡ ಅನ್ನುವುದಕ್ಕೆ ಒಂದು ಸ್ಟೂಲು ಕೊಟ್ಟು ಕಲಿತಿದ್ದೇನೆ. ಓಕ್‌ನಲ್ಲಿ ಒಗರು ಜಾಸ್ತಿ, ಟ್ಯಾನಿನ್ ಅನ್ನುತ್ತಾರೆ. ಒಗರು, ಕಬ್ಬಿಣ, ತೇವ ಮೂರೂ ಸೇರಿದರೆ ನೀಲಿಗಪ್ಪು ಮಸಿ. ಹೋಲಿಕೆಗೆ ಹೇಳುತ್ತಿಲ್ಲ. ಯುರೋಪಿನಲ್ಲಿ ನೂರಾರು ವರ್ಷ ಬರೆಯಲು ಬಳಸಿದ ಶಾಯಿಯನ್ನು ಓಕ್ ಮರದ ಮೇಲೆ ಬೆಳೆಯುವ ಗಂಟುಗಳ ಒಗರಿಗೆ ಕಬ್ಬಿಣದ ಲವಣ ಬೆರೆಸಿಯೇ ಮಾಡುತ್ತಿದ್ದರು. ನಾನು ಸ್ಟೂಲಿಗೆ ಒಂದು ಕೋಟ್ ಆದ ಮೇಲೆ ನಯ ಮಾಡಲು ಉಕ್ಕಿನ ನಾರಿನ ಉಂಡೆಯಿಂದ ತಿಕ್ಕಿದ್ದೆ. ಅದರ ಚೂರುಗಳು ಮುರಿದು ತೂತಿನಲ್ಲಿ ಸಿಕ್ಕಿಕೊಂಡವು. ಆಗ ಏನೂ ಕಾಣಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಮಾರನೇ ದಿನ ಸ್ಟೂಲಿಗೆ ಸಿಡುಬು ಬಂದಂತಾಗಿತ್ತು. ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ಕರಗಿಸಿ ಹಚ್ಚಿದರೆ ಈ ಕಪ್ಪು ಹೋಗುತ್ತದೆ. ಅದು ವಿಷ, ಕೈಗವಸು ಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಆದರೆ ಅದನ್ನು ಬರೀ ಮರದ ಮೇಲೆ ಹಾಕಬೇಕು. ಅಂದರೆ ಮತ್ತೆ ಎಣ್ಣೆಯನ್ನೆಲ್ಲ ಕೆರೆಯಬೇಕು. ಈಗ ನೈಲಾನ್ ಪ್ಯಾಡ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಬಣ್ಣ ಆರಿಸುವುದಕ್ಕೆ ಡಬ್ಬಿಯ ಮೇಲಿನ ಚಿತ್ರ ನಂಬಬೇಡಿ. ಅದು ಯಾರದೋ ಹಲಗೆ, ಯಾರೋ ಉಜ್ಜಿದ್ದು. ಅದೇ ಮರದ ತುಂಡಿಗೆ, ಅದೇ ನಂಬರಿನವರೆಗೆ ಉಜ್ಜಿ, ಹಚ್ಚಿ, ಒರೆಸಿ, ಒಣಗಿಸಿ ನೋಡಬೇಕು. ನನ್ನ ಹತ್ತಿರ ತುಂಡು ಉಳಿದಿರಲಿಲ್ಲ. ಹಾಗಾಗಿ ಮೇಜಿನ ಅಡಿಭಾಗವನ್ನೇ ಉಜ್ಜಿ, ಅಂಗೈಯಗಲದ ಐದು ಚೌಕ ಮಾಡಿದೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದರಿಂದ ಐದರವರೆಗೆ ಬರೆದೆ. ಕಡು ಕಂದು ಒಂದು ಕೋಟ್, ಅದೇ ಎರಡು ಕೋಟ್, ಕಂದಿಗೆ ಸ್ವಲ್ಪ ಬಣ್ಣವಿಲ್ಲದ ಎಣ್ಣೆ ಬೆರೆಸಿದ್ದು, ಹೀಗೆ. ಐದನೆಯದು ಸುಮ್ನೆ ಕುತೂಹಲಕ್ಕೆ ಬಿಳಿ ಪುಡಿಯ ಎಣ್ಣೆ. ಓಕ್‌ಗೆ ಸಾದಾ ಎಣ್ಣೆ ಬಿದ್ದರೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಗಸೆ ಎಣ್ಣೆ ತಾನೂ ವರ್ಷ ಕಳೆದಂತೆ ಹಳದಿಯಾಗುತ್ತದೆ, ಕತ್ತಲಲ್ಲಿಟ್ಟರೆ ಇನ್ನೂ ಜಾಸ್ತಿ. ಅದಕ್ಕೆ ಒಂಚೂರು ಬಿಳಿ ಸೇರಿಸಿದರೆ ಆ ಹಳದಿ ತಗ್ಗಿ, ಮರ ಈಗತಾನೇ ಕೊಯ್ದಂತೆ ಕಾಣುತ್ತದೆ. ಏನೂ ಹಚ್ಚದಂತೆ ಕಾಣಲು ಬಿಳಿ ಬಣ್ಣ ಹಚ್ಚಬೇಕು!

ಅಕ್ಕನನ್ನು ಕರೆದೆ. ಮೇಜು ಮಗುಚಿ ಬಿದ್ದಿತ್ತು, ಹೊತ್ತು ಮುಳುಗಿತ್ತು, ದೀಪ ಹಾಕಿದ್ದೆ. ಅವಳು ಒಂದು ಕ್ಷಣವೂ ತಡಮಾಡಲಿಲ್ಲ. "ಎರಡನೇದು" ಅಂದಳು. "ಹಗಲಲ್ಲಿ ಒಂದ್ಸಲ ನೋಡೇ" ಅಂದೆ. "ಹಗಲಲ್ಲಿ ನಾನೆಲ್ಲಿ ಮನೇಲಿರ್ತೀನೋ" ಅಂದಳು. ಅದೂ ಸರಿಯೇ. ಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಹಳದಿ ದೀಪದಲ್ಲಿ ಬೆಚ್ಚಗಿರುವ ಕಂದು, ಮೋಡದ ದಿನ ಬೂದಿಯಾಗಿ ಕಾಣಬಹುದು.

ಹಚ್ಚುವ ದಿನ ಬಂತು. ಮೇಜಿನ ಮೇಲ್ಭಾಗ 1.6 ಮೀಟರ್ ಉದ್ದ, 0.8 ಮೀಟರ್ ಅಗಲ. ಸುಮಾರು 1.3 ಚದರ ಮೀಟರ್. ಮೇಣ ಬೆರೆತ ಗಟ್ಟಿ ಎಣ್ಣೆಗಳ ಎಷ್ಟೋ ಡಬ್ಬಿಗಳ ಮೇಲೆ ಒಂದು ಲೀಟರಿಗೆ ಒಂದು ಕೋಟ್ 20 ಚದರ ಮೀಟರಿಗೂ ಜಾಸ್ತಿ ಬರುತ್ತದೆ ಅಂತ ಬರೆದಿರುತ್ತದೆ. ಲೆಕ್ಕ ಹಾಕಿದರೆ ನನಗೆ ಬೇಕಾದದ್ದು 65 ಮಿಲಿಲೀಟರ್. ಚಿಕ್ಕ ಲೋಟದಲ್ಲಿ ಅರ್ಧ! ಮೊದಲ ಸಲ ನಾನು ಸುರಿದದ್ದು ಅದರ ಮೂರು ಪಟ್ಟು. ಮರಕ್ಕೆ ಹಸಿವು ಜಾಸ್ತಿ, ಕುಡಿದುಕೊಳ್ಳಲಿ ಅನ್ನುವ ಧಾರಾಳ. ಮರ ತನಗೆ ಬೇಕಾದಷ್ಟು ಕುಡಿದು ಉಳಿದದ್ದನ್ನು ಮೇಲೆ ಬಿಟ್ಟಿತು. ಅದು ಎರಡು ವಾರ ಅಂಟಂಟಾಗಿಯೇ ಇತ್ತು. ಅದರ ಮೇಲೆ ಇಟ್ಟ ಕಾಗದ ಇವತ್ತಿಗೂ ನೆನಪಿದೆ, ಕೀಳಲು ಹೋದರೆ ಅಕ್ಷರ ಮೇಜಿಗೆ ಬಂದವು.

ಈ ಸಲ ಪ್ಯಾಡಿನಿಂದ ಸ್ವಲ್ಪವೇ ತೆಗೆದುಕೊಂಡು, ಒಂದು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಮುಗಿಸಿ ಪಕ್ಕದ್ದಕ್ಕೆ ಹೋದೆ. ಮಧ್ಯದಲ್ಲಿ ನಿಲ್ಲಿಸಿದರೆ ಆ ಅಂಚು ಅರೆ ಒಣಗಿ, ಅದರ ಮೇಲೆ ಮತ್ತೆ ಬಿದ್ದ ಬಣ್ಣ ದಪ್ಪ ಗೆರೆಯಾಗಿ ಉಳಿಯುತ್ತದೆ. ಫೋನ್ ಬೇರೆ ಕೋಣೆಯಲ್ಲಿಟ್ಟಿದ್ದೆ. ಮೊದಲು ಎಳೆಗೆ ಅಡ್ಡಲಾಗಿ ಉಜ್ಜಿ ತೂತಿಗೆ ತುಂಬುವುದು, ಆಮೇಲೆ ಉದ್ದಕ್ಕೆ. ಹತ್ತು ಹದಿನೈದು ನಿಮಿಷ ಬಿಟ್ಟು, ಬಟ್ಟೆ ಹಿಡಿದೆ.

ಒರೆಸುವುದೇ ಕೆಲಸ ಅಂತ ಮೊದಲೇ ಹೇಳಿದೆನಲ್ಲ. ಹಳೇ ಹತ್ತಿ ಬನಿಯನ್ನಿಗಿಂತ ಒಳ್ಳೆಯದು ಇದಕ್ಕೆ ಸಿಗಲಿಕ್ಕಿಲ್ಲ. ನೂಲು ಬಿಡುವುದಿಲ್ಲ. ಮೊದಲ ಬಟ್ಟೆ ಬೇಗ ತೋಯುತ್ತದೆ. ಆಮೇಲೆ ಅದು ಒರೆಸುವುದಿಲ್ಲ, ಬಣ್ಣವನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತದೆ ಅಷ್ಟೇ. ಹೊಸ ಬಟ್ಟೆ ಹಿಡಿಯಬೇಕು. ಅದೂ ತೋಯ್ದರೆ ಇನ್ನೊಂದು. ಬಟ್ಟೆಗೆ ಬಣ್ಣ ಬರುವುದು ಹೆಚ್ಚುಕಮ್ಮಿ ನಿಲ್ಲುವವರೆಗೆ. ಆಗ ಒಂದು ಭಯ ಶುರುವಾಗುತ್ತದೆ. ಇಷ್ಟು ಖುಷಿಯಿಂದ ಹಚ್ಚಿದ ಕಡು ಬಣ್ಣವನ್ನೆಲ್ಲ ನಾನೇ ತೆಗೆದುಬಿಡುತ್ತಿದ್ದೇನಲ್ಲ, ಕೊನೆಗೆ ಏನೂ ಉಳಿಯುವುದಿಲ್ಲವೇನೋ ಅನ್ನುವ ಭಯ. ಆ ಭಯಕ್ಕೆ ಕೈ ಹಗುರ ಮಾಡಿದವರ ಮೇಜುಗಳು ಅಂಟುತ್ತವೆ. ಗಟ್ಟಿಯಾಗಿ ಒರೆಸಿದ ಮೇಲೆ ಮುಸುಕು ಸರಿದಂತೆ ಎಳೆಗಳು ಕಂಡವು. ತೂತುಗಳು ಕಪ್ಪು ಗೀಟು, ನಡುವಿನ ಜಾಗ ಕಂದು, ರೇಕುಗಳು ಬೆಣ್ಣೆಯ ಬಣ್ಣ. ಒಂದು ಎಣ್ಣೆಯಿಂದ ಮೂರು ಬಣ್ಣ.

ಎಡಗಡೆಯ ಕಾಲಿನ ಕೂಡಿನ ಹತ್ತಿರ ಮಾತ್ರ ಹೆಬ್ಬೆರಳಗಲದ ಒಂದು ಬೋಳು ಮಚ್ಚೆ. ಜೋಡಿಸುವಾಗ ಕೈಗಂಟಿದ ಅಂಟು ಅಲ್ಲಿ ತಾಗಿತ್ತು, ಒಣಗಿ ಕಾಣದಂತೆ ಕೂತಿತ್ತು. ಅಂಟು ತಾಗಿದ ಕಡೆ ಎಣ್ಣೆ ಇಳಿಯುವುದಿಲ್ಲ. ಎಣ್ಣೆಗೆ ಮುಂಚೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ನೀರಿಗೆ ಸುತ್ತಲಿನ ಮರ ಕಪ್ಪಾಗಿ ಅಂಟಿನ ಜಾಗ ಮಾತ್ರ ಬಿಳುಪಾಗಿ ನಿಲ್ಲುತ್ತದೆ. ನೀರು ತಾಗಿ ಎದ್ದು ನಿಂತ ಎಳೆಗಳನ್ನೂ ಆಮೇಲೆ ಲಘುವಾಗಿ ಉಜ್ಜಬಹುದಿತ್ತು. ಈಗ ಆ ಮಚ್ಚೆಯನ್ನು ಚೂಪಾದ ಉಳಿಯಿಂದ ಕೆರೆದು, ಮತ್ತೆ ಉಜ್ಜಿ, ಬೆರಳಲ್ಲೇ ಎಣ್ಣೆ ತೀಡಿದೆ. ಗೊತ್ತಿರುವವರಿಗೆ ಈಗಲೂ ಕಾಣುತ್ತದೆ. ಗೊತ್ತಿರುವುದು ನನಗೊಬ್ಬನಿಗೆ.

ಎಲ್ಲ ಮುಗಿಯಿತು ಅಂತ ಮಲಗಬಾರದು. ರಾತ್ರಿ ಒಂದೆರಡು ಗಂಟೆ ಬಿಟ್ಟು ಹೋಗಿ ನೋಡಿದರೆ ಒರೆಸಿದ ಮರದ ಮೇಲೆ ಸೂಜಿಮೊನೆಯಂಥ ಹೊಳೆಯುವ ಹನಿಗಳು. ತೂತಿಗೆ ಇಳಿದ ಎಣ್ಣೆ ನಿಧಾನಕ್ಕೆ ಮೇಲೆ ಬರುತ್ತದೆ. ಕೆಂಪು ಓಕ್‌ನಲ್ಲಿ ಜಾಸ್ತಿ. ಬಿಟ್ಟರೆ ಹಾಗೇ ಒಣಗಿ ಹರಳಾಗುತ್ತವೆ, ಆಮೇಲೆ ಕೆರೆದೇ ತೆಗೆಯಬೇಕು. ಆ ರಾತ್ರಿ ಮೂರು ಸಲ ಎದ್ದು ಒರೆಸಿದೆ.

ಬಟ್ಟೆಗಳ ಮಾತು ತಮಾಷೆಯದಲ್ಲ. ಈ ಎಣ್ಣೆ ನೀರಿನ ಹಾಗೆ ಆರಿಹೋಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯ ತೆಳು ಪದರವನ್ನು ತೂಗಿ ನೋಡಿದರೆ ಒಣಗುವಾಗ ಅದರ ತೂಕ ಹೆಚ್ಚುತ್ತದೆ. ಈ ಕೆಲಸದಲ್ಲಿ ಬಿಸಿ ಹುಟ್ಟುತ್ತದೆ. ಮೇಜಿನ ಮೇಲೆ ಹರಡಿಕೊಂಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಉಂಡೆ ಕಟ್ಟಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಎಲ್ಲಿಗೂ ಹೋಗಲಾರದೆ ಏರುತ್ತ ಏರುತ್ತ ತಾನಾಗಿಯೇ ಬೆಂಕಿ ಹತ್ತುತ್ತದೆ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡ ಹೊತ್ತಿ ಉರಿಯಿತು. 22ನೇ ಮಹಡಿಯಲ್ಲಿ ಮರದ ಕೆಲಸಕ್ಕೆ ಬಳಸಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಶುರುವಾದ ಬೆಂಕಿ ಅದು. ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದ 30ನೇ ಮಹಡಿಗೆ ಬಂದ ಮೇಲೆಯೇ ನಿಂತದ್ದು. ಅಗ್ನಿಶಾಮಕ ದಳದ ಮೂವರು ಸತ್ತರು.

ನಾನೂ ಒಂದು ಸಲ ಬಕೆಟ್ಟಿನಲ್ಲಿ ಮರೆತ ಬಟ್ಟೆಯನ್ನು ಎರಡು ಗಂಟೆ ಬಿಟ್ಟು ಮುಟ್ಟಿದಾಗ ಇಸ್ತ್ರಿಯಿಂದ ಈಗತಾನೇ ಎದ್ದಂತೆ ಬೆಚ್ಚಗಿತ್ತು. ಬೆನ್ನು ತಣ್ಣಗಾಯಿತು. ಅಂದಿನಿಂದ ಪ್ರತಿ ಬಟ್ಟೆಯನ್ನೂ ಬಿಡಿಸಿ, ಹೊರಗೆ ಒಂಟೊಂಟಿಯಾಗಿ ತಂತಿಗೆ ಹಾಕುತ್ತೇನೆ. ಒಣಗಿ ರೊಟ್ಟಿಯಂತೆ ಗಟ್ಟಿಯಾದ ಮೇಲೆಯೇ ಕಸಕ್ಕೆ. ಹಾಕಲು ಜಾಗವಿಲ್ಲದಿದ್ದರೆ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಬೇಕು. ಪ್ಯಾಡಿಗೂ ಇದೇ ನಿಯಮ.

ಮಾರನೇ ದಿನಕ್ಕೆ ಮೇಜು ಮುಟ್ಟಿದರೆ ಅಂಟುತ್ತಿರಲಿಲ್ಲ. ಆರಿಸಿದ ಚೌಕದಂತೆ ಇನ್ನೊಂದು ಬಣ್ಣದ ಕೋಟ್ ಕೊಟ್ಟು, ಅದೂ ಒಣಗಿದ ಮೇಲೆ ಬಣ್ಣವಿಲ್ಲದ ಎಣ್ಣೆ ತೆಳ್ಳಗೆ ಒಂದು ಕೈ. ಬಣ್ಣದ ಪುಡಿ ಸವೆಯದಂತೆ ಮೇಲಿನದು ಕಾಯುತ್ತದೆ. ಮೂರನೇ ಬಣ್ಣದ ಕೋಟಿಗೆ ಕೈ ತುರಿಸಿತು, ತಡೆದುಕೊಂಡೆ. ಪದರ ಹೆಚ್ಚಾದರೆ ಅದು ಎಣ್ಣೆ ಹೋಗಿ ಪೇಂಟ್ ಆಗುತ್ತದೆ. ಪೇಂಟೇ ಬೇಕಿದ್ದರೆ ಓಕ್ ಯಾಕೆ? ಪೂರ್ತಿ ಗಟ್ಟಿಯಾಗಲು ಇನ್ನೂ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಲೋಟ ಇಡಬೇಡ, ಬಟ್ಟೆ ಹಾಸಬೇಡ ಅಂತ ಅಕ್ಕನಿಗೆ ಹೇಳಿದೆ. ಮೂರನೇ ದಿನಕ್ಕೇ ಇಟ್ಟಳು. ಸಣ್ಣದೊಂದು ಉಂಗುರ ಬಿತ್ತು. ಎಣ್ಣೆಯ ಮೇಜಿನ ಸುಖ ಅಲ್ಲೇ ಇರುವುದು, ಪ್ಯಾಡಿಗೆ ಒಂದು ತೊಟ್ಟು ಬಣ್ಣವಿಲ್ಲದ ಎಣ್ಣೆ ಹಾಕಿ ಆ ಜಾಗಕ್ಕಷ್ಟೇ ಉಜ್ಜಿದೆ, ಹೋಯಿತು. ವಾರ್ನಿಷ್ ಆಗಿದ್ದರೆ ಇಡೀ ಮೇಲ್ಭಾಗ ಕೆರೆಯಬೇಕಿತ್ತು. ಆದರೆ ಬಣ್ಣ ಹೋಗುವಷ್ಟು ಉಜ್ಜಬಾರದು. ಬಣ್ಣದ ಎಣ್ಣೆಗೆ ತೇಪೆ ಹಾಕುವುದು ಸಾದಾ ಎಣ್ಣೆಯಷ್ಟು ಸುಲಭವಲ್ಲ.

ಈಗ ವರ್ಷದ ಮೇಲಾಯಿತು. ಮುಂಗೈ ಊರುವ ಅಂಚಿನಲ್ಲಿ ಕಂದು ಸ್ವಲ್ಪ ತೆಳುವಾಗಿದೆ, ತೂತುಗಳ ಕಪ್ಪು ಹಾಗೇ ಇದೆ. ಆಳಕ್ಕೆ ಬಿದ್ದದ್ದು ಸವೆಯುವುದಿಲ್ಲ. ಬೆಕ್ಕಿನ ಗೀರು ಒಂದೂ ಇಲ್ಲ. ಟಾರ್ಚ್ ಹಿಡಿದು ನೋಡಿದ್ದೇನೆ, ಅಕ್ಕ ಇಲ್ಲದಾಗ.

ಮೊನ್ನೆ ಅವಳ ಕಿವಿಯ ಓಲೆ ಜಾರಿ ಮೇಜಿನ ಕೆಳಗೆ ಹೋಯಿತು. ಹುಡುಕಲು ಫೋನಿನ ಬೆಳಕು ಹಾಕಿಕೊಂಡು ಒಳಗೆ ನುಗ್ಗಿದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಸಿಕ್ಕಿತೇನೋ ಅಂದುಕೊಂಡೆ.

"ಲೋ" ಅಂದಳು ಕೆಳಗಿನಿಂದಲೇ, "ಈ ಮೂರನೇದು ಎಷ್ಟು ಚೆನ್ನಾಗಿದೆಯಲ್ಲೋ. ಇದನ್ನ ಯಾಕೋ ಹಚ್ಚಲಿಲ್ಲ?"